ಗವಸು ಬಿಚ್ಚಿದ ವೀಣೆ

ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀರುವಿನ ಪಕ್ಕ ಗವಸು ತೊಟ್ಟು ಒರಗಿರುವ ವೀಣೆಗಳು ಇನ್ನೂ ಬೇಕಾದಷ್ಟಿವೆ. ಅದರ ಒಡತಿ ಹುಡುಗಿಯಾಗಿದ್ದಾಗ ವರ್ಣದವರೆಗೆ ಕಲಿತಿರುತ್ತಾರೆ, ಹೆಣ್ಣು ನೋಡಲು ಬಂದವರ ಮುಂದೆ ಒಂದು ದೇವರನಾಮ ನುಡಿಸಿರುತ್ತಾರೆ. ಮದುವೆ, ಮಕ್ಕಳು, ನೌಕರಿ ಎಂದು ಆಮೇಲೆ ಎಲ್ಲವೂ ನಿಂತುಹೋಗಿರುತ್ತದೆ. ಆ ತಲೆಮಾರಿಗೆ ಈಗ ಅರವತ್ತು ದಾಟಿದೆ. ಅವರಲ್ಲಿ ಮತ್ತೆ ಗವಸು ಬಿಚ್ಚಿದವರು ನನ್ನ ಬಳಗದಲ್ಲೇ ಇದ್ದಾರೆ. ಜೀವಮಾನವಿಡೀ ಬ್ಯಾಂಕು, ಶಾಲೆ ಎಂದು ದುಡಿದು, ಪಿಂಚಣಿ ಶುರುವಾದ ಮೇಲೆ ಮೊದಲ ಬಾರಿಗೆ ಸರಳೆವರಸೆಗೆ ಕೂತವರೂ ಇದ್ದಾರೆ. ಈ ವಯಸ್ಸಿಗೆ ವೀಣೆಯಷ್ಟು ಒಗ್ಗುವ ವಾದ್ಯ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ವೀಣೆಯ ದನಿ ಸಣ್ಣದು. ಮೈಕ್ ಇಲ್ಲದಿದ್ದರೆ ಸಭಾಂಗಣದ ಹಿಂದಿನ ಸಾಲಿಗೆ ಮುಟ್ಟುವುದೇ ಕಷ್ಟ. ಕಚೇರಿ ಮಾಡುವವರಿಗೆ ಇದು ತೊಡಕು, ಮನೆಯಲ್ಲಿ ತಮಗಾಗಿ ನುಡಿಸಿಕೊಳ್ಳುವವರಿಗೆ ವರ. ಪಿಟೀಲಿನ ಕಮಾನು ಹಿಡಿತಕ್ಕೆ ಬರುವವರೆಗೆ ಕೀರಲು ದನಿ ತಪ್ಪಿದ್ದಲ್ಲ. ಕೊಳಲಿನಲ್ಲಿ ನಾದ ಹೊರಡಿಸಲಿಕ್ಕೇ ದಿನಗಟ್ಟಲೆ ಊದಬೇಕು. ವೀಣೆಯಲ್ಲಿ ಹಾಗಲ್ಲ, ಶ್ರುತಿ ಕೂಡಿಸಿಕೊಟ್ಟ ತಂತಿಯನ್ನು ಮೊದಲ ದಿನ ಬಂದವರು ಮೀಟಿದರೂ ಷಡ್ಜ ಇಂಪಾಗಿಯೇ ನುಡಿಯುತ್ತದೆ. ಬುರುಡೆ ಎಡತೊಡೆಗೆ ತಾಗಿರುವುದರಿಂದ ಅದರ ಕಂಪನ ಮೈಗೂ ತಿಳಿಯುತ್ತದೆ.

ಹಳೆಯ ವೀಣೆಯಾದರೆ ಮೊದಲು ರಿಪೇರಿ ಆಗಬೇಕು. ತಂತಿ ತುಕ್ಕು ಹಿಡಿದಿರುತ್ತದೆ, ಮೇಣ ಬಿರುಕು ಬಿಟ್ಟಿರುತ್ತದೆ. ವೀಣೆಯ 24 ಮೆಟ್ಟುಗಳನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಕಪ್ಪುಪುಡಿ ಕಲಸಿದ ಜೇನುಮೇಣದ ಎರಡು ಏಣುಗಳ ಮೇಲೆ ಅವು ನಿಂತಿರುತ್ತವೆ. ಮೇಳ ಕಟ್ಟುವವರು ಹಳೆಯ ಮೇಣ ಕೆರೆದು, ಹೊಸದನ್ನು ಕಾಯಿಸಿ ಮೆತ್ತಿ, ಒಂದೊಂದು ಮೆಟ್ಟನ್ನೂ ಮೀಟಿ ನೋಡುತ್ತ ಕೂದಲೆಳೆಯಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿ ಸ್ವರಕ್ಕೆ ಕೂರಿಸುತ್ತಾರೆ. ಕೊನೆಯ ಅಳತೆ ಅವರ ಕಿವಿಯೇ. ವೀಣೆ ಕಳಿಸಿಕೊಟ್ಟು ಸುಮ್ಮನಾಗದೆ ಎದುರು ಕೂತು ಈ ಕೆಲಸ ನೋಡಬೇಕು. ಸ್ವರಸ್ಥಾನ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಆಮೇಲೆ ಮಾಯಾಮಾಳವಗೌಳ. ಕರ್ನಾಟಕ ಸಂಗೀತದ ಪಾಠ ಈ ರಾಗದಿಂದ ಶುರುವಾಗುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂಬುದು ಸಂಪ್ರದಾಯದ ಮಾತು. ಯಾಕೆ ಇದೇ ರಾಗ ಎಂದು ಮಕ್ಕಳು ಕೇಳುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ನಮ್ಮ ಬಂಧುವೊಬ್ಬರು ಎರಡನೇ ಪಾಠಕ್ಕೇ ಕೇಳಿದರು. ಉತ್ತರ ಮೆಟ್ಟುಗಳ ಮೇಲೇ ಇದೆ. ಸಾರಣಿ ತಂತಿಯನ್ನು ಒತ್ತದೆ ಮೀಟಿದರೆ ಸ. ಒಂದನೇ ಮೆಟ್ಟು ರಿ, ನಾಲ್ಕನೆಯದು ಗ, ಐದನೆಯದು ಮ. ಏಳನೆಯದು ಪ, ಎಂಟು ದ, ಹನ್ನೊಂದು ನಿ, ಹನ್ನೆರಡು ಮೇಲಿನ ಸ. ಕೆಳಗಿನ ನಾಲ್ಕು ಸ್ವರಗಳ ನಡುವೆ ಒಂದು, ಮೂರು, ಒಂದು ಮೆಟ್ಟಿನ ಅಂತರ. ಮೇಲಿನ ನಾಲ್ಕಕ್ಕೂ ಅದೇ ಒಂದು, ಮೂರು, ಒಂದು. ಕೈ ಒಂದು ನಡಿಗೆ ಕಲಿತರೆ ಸಾಕು, ಅದನ್ನೇ ಮೇಲೆ ಇನ್ನೊಮ್ಮೆ ನಡೆಯುತ್ತದೆ. ಮೊದಲ ಗೀತೆಗಳು ಮಲಹರಿ ರಾಗದಲ್ಲಿ ಇರುವುದಕ್ಕೂ ಅರ್ಥವಿದೆ: ಅದು ಇದೇ ಮೇಳದ ಮಗು, ನಿಷಾದವಿಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಬೆರಳು ಆಗಲೇ ಬಲ್ಲ ಜಾಗಗಳಲ್ಲಿ ಹಾಡೊಂದು ಹುಟ್ಟಿಕೊಳ್ಳುತ್ತದೆ. ಆ ಗಣಿತದ ಮೇಷ್ಟ್ರು ಇದನ್ನು ಕಂಡು ಹಿಗ್ಗಿದ್ದನ್ನು ನಾನು ಮರೆಯಲಾರೆ.

ಮೈ ಹೇಳಿದ ಹಾಗೆ ಕೇಳುವುದಿಲ್ಲ ಎಂಬುದು ನಿಜ. ಚಕ್ಕಂಬಕ್ಕಳ ಹಾಕಲು ಮಂಡಿ ಒಪ್ಪದಿದ್ದರೆ ಕುರ್ಚಿಯ ಮೇಲೆ ಕೂತು, ವೀಣೆಯನ್ನು ಸ್ಟ್ಯಾಂಡಿಗೆ ಏರಿಸಿಕೊಳ್ಳಬಹುದು. ಅದರಲ್ಲಿ ಅಪಚಾರವೇನೂ ಇಲ್ಲ. ಎಡಗೈಯ ಎರಡು ಬೆರಳುಗಳ ತುದಿಯಲ್ಲಿ ಮೊದಲ ವಾರಗಳಲ್ಲಿ ತಂತಿಯ ಗೆರೆ ಬಿದ್ದು ಉರಿಯುತ್ತದೆ. ಕೊಬ್ಬರಿಎಣ್ಣೆ ಸವರಿಕೊಂಡರೆ ಬೆರಳು ಜಾರುತ್ತದೆ, ನಿಧಾನವಾಗಿ ಚರ್ಮ ಗಟ್ಟಿಯಾಗುತ್ತದೆ. ಗಮಕಕ್ಕೆ ತಂತಿ ಎಳೆಯುವಾಗ ಗಂಟು ನೋವಿದ್ದವರು ಜೋಪಾನ. ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ನುಡಿಸುವುದು, ಭಾನುವಾರ ಒಂದೇ ಸಮನೆ ಮೂರು ಗಂಟೆ ಕೂರುವುದಕ್ಕಿಂತ ಎಷ್ಟೋ ಮೇಲು.

ಇದೆಲ್ಲಕ್ಕಿಂತ ಕಷ್ಟದ್ದು ಕಿವಿ. ಆಕಾಶವಾಣಿಯಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳುತ್ತ ಬೆಳೆದ ಕಿವಿ ಅದು. ಏನು ಚೆನ್ನ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಎಂಟು ವರ್ಷದ ಹುಡುಗಿ ತಪ್ಪಿದ್ದು ತಿಳಿಯದೆ ಮುಂದೆ ಹೋಗುತ್ತಾಳೆ. ಅರವತ್ತೆರಡರ ಶಿಷ್ಯೆಗೆ ತನ್ನ ಪ್ರತಿ ತಪ್ಪೂ ಕೇಳಿಸುತ್ತದೆ, ಮನಸ್ಸು ಮುದುಡುತ್ತದೆ. ವಯಸ್ಸಾದವರು ಪಾಠ ಬಿಡುವುದು ಬೆರಳು ಬಗ್ಗದೆ ಅಲ್ಲ, ಹೆಚ್ಚಾಗಿ ಈ ಕಾರಣಕ್ಕೆ. ಆದರೆ ಅದೇ ಕಿವಿ ಅವರ ದೊಡ್ಡ ಆಸ್ತಿ ಕೂಡ. ರಾಗ ಅವರ ಒಳಗೆ ಆಗಲೇ ಇದೆ, ಕೈಗೆ ದಾರಿ ತೋರಿಸಿದರಾಯಿತು. ಇದನ್ನು ಅರಿಯದ ಕೆಲವು ಗುರುಗಳು ಹಿರಿಯರೆಂದರೆ ಸರಳೆ, ಜಂಟಿ ಹಾರಿಸಿ ನೇರ ನಾಲ್ಕು ದೇವರನಾಮ ಬರೆದುಕೊಟ್ಟು ಕಳಿಸುತ್ತಾರೆ. ಅದು ದಯೆಯಲ್ಲ, ಉಪೇಕ್ಷೆ. ಪರೀಕ್ಷೆ ಬೇಡ, ವೇದಿಕೆ ಬೇಡ, ಒಪ್ಪುತ್ತೇನೆ. ಪಾಠ ಮಾತ್ರ ಪೂರ್ತಿ ಕೊಡಬೇಕು.

ಮಿದುಳಿಗೆ ಒಳ್ಳೆಯದು ಎಂಬ ಮಾತೂ ಈಗ ಹೆಚ್ಚು ಕೇಳಿಬರುತ್ತಿದೆ. ಅಮೆರಿಕದಲ್ಲಿ 60ರಿಂದ 85 ವಯಸ್ಸಿನವರಿಗೆ ಆರು ತಿಂಗಳು ಪಿಯಾನೊ ಕಲಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಮನ ಮತ್ತು ಚುರುಕಿನ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತ್ತು. ಸಂತೋಷ. ಆದರೆ ಮಾತ್ರೆ ನುಂಗಿದಂತೆ ವೀಣೆ ನುಡಿಸಲು ಯಾರೂ ಬಹಳ ದಿನ ಕೂರುವುದಿಲ್ಲ, ನಾದದ ಆಸೆಯೇ ಕೂರಿಸಬೇಕು.

ನಮ್ಮಲ್ಲಿ ಕೊರತೆ ಇರುವುದು ಜೊತೆಗಾರರದು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ರಾಯ್ ಅರ್ನ್ಸ್ಟ್ ಎಂಬ ಸಂಗೀತ ಪ್ರಾಧ್ಯಾಪಕರು 1991ರಲ್ಲಿ ಹಿರಿಯರಿಗೆಂದೇ ಒಂದು ವಾದ್ಯವೃಂದ ಕಟ್ಟಿದರು. ವಾದ್ಯ ಹಿಡಿಯುವುದೇ ಗೊತ್ತಿಲ್ಲದವರಿಗೂ ಅಲ್ಲಿ ಜಾಗವಿತ್ತು. ಆ ಮಾದರಿ ಆಮೇಲೆ ಬೇರೆ ಊರು, ಬೇರೆ ದೇಶಗಳಿಗೂ ಹಬ್ಬಿತು. ನಮ್ಮ ಸಂಗೀತ ಶಾಲೆಗಳ ಪಾಠಗಳೋ ಹೆಚ್ಚಾಗಿ ಮಕ್ಕಳು ಶಾಲೆ ಬಿಟ್ಟು ಬರುವ ಸಂಜೆಗೇ ಹೊಂದಿಕೊಂಡಿವೆ. ಬೆಳಗ್ಗೆ ಹನ್ನೊಂದಕ್ಕೆ ಆ ಕೋಣೆಗಳು ಖಾಲಿ ಇರುತ್ತವೆ, ಹಿರಿಯರಿಗೂ ಆಗ ಬಿಡುವು. ಆರೇಳು ಕುರ್ಚಿ, ಒಂದೇ ಶ್ರುತಿಗೆ ಕೂಡಿಸಿದ ನಾಲ್ಕು ವೀಣೆ, ಸರಳೆಯಿಂದ ಹಿಡಿದು ತಾಳ್ಮೆಯಿಂದ ಹೇಳಿಕೊಡುವ ಒಬ್ಬ ಗುರು: ಇಷ್ಟನ್ನು ಯಾವ ಸಂಗೀತ ಸಭೆಯಾದರೂ ಈ ವರ್ಷವೇ ಶುರು ಮಾಡಬಹುದು.