ಗಡಿನಾಡಿನ ಶಾಲೆಗೆ ವಿಜ್ಞಾನದ ಮೇಷ್ಟ್ರು

ವಿಜ್ಞಾನ ಮತ್ತು ಗಣಿತ ಶಿಕ್ಷಕರ ಕೊರತೆಯೆಂದಾಗ ನಾವು ಸಾಮಾನ್ಯವಾಗಿ ಖಾಲಿ ಹುದ್ದೆಗಳ ಲೆಕ್ಕವನ್ನಷ್ಟೇ ನೋಡುತ್ತೇವೆ. ಆದರೆ ಹುದ್ದೆ ತುಂಬುವುದು ಬೇರೆ, ಪಾಠ ಮಗುವಿಗೆ ಮುಟ್ಟುವುದು ಬೇರೆ. ಈ ಅಂತರವನ್ನರಿಯಲು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಂಥ ಊರನ್ನು ಗಮನಿಸಬೇಕು. ಆಂಧ್ರದ ಎಲ್ಲೆಗೆ ಸಮೀಪದ ಈ ಸೀಮೆಯಲ್ಲಿ ಅನೇಕ ಮನೆಗಳ ಮಾತು ತೆಲುಗು. ಸರ್ಕಾರಿ ಶಾಲೆಯ ಪಾಠ ಕನ್ನಡ.

ನಮ್ಮ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರು ಬೋಧಿಸುತ್ತಾರೆ, ಜೀವಶಾಸ್ತ್ರಕ್ಕೆ ಇನ್ನೊಬ್ಬರು. ಮೊದಲಿನವರ ಹುದ್ದೆ ತೆರವಾದರೆ ಎಸ್.ಎಸ್.ಎಲ್.ಸಿ.ಯ ಆರು ವಿಷಯಗಳಲ್ಲಿ ಎರಡು ಒಮ್ಮೆಗೇ ಕುಂಟುತ್ತವೆ. ಅತಿಥಿ ಶಿಕ್ಷಕರು ಬರುತ್ತಾರೆ, ನಿಜ. ಆದರೆ ಅವರ ನೇಮಕ ತಾತ್ಕಾಲಿಕ. ಗಣಿತವಾದರೋ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ವಿದ್ಯೆ. ಎಂಟನೆಯ ತರಗತಿಯಲ್ಲಿ ಬೀಜಗಣಿತ ತಪ್ಪಿದ ಮಗುವಿಗೆ ಹತ್ತನೆಯ ತರಗತಿಯ ವರ್ಗಸಮೀಕರಣ ಎಟುಕದು.

ಇನ್ನು ಶಿಕ್ಷಕರ ಸಿದ್ಧತೆಯ ಮಾತು. ಬಲ, ಶಕ್ತಿ, ಸಾಮರ್ಥ್ಯ ಇವು ಆಡುಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಭೌತಶಾಸ್ತ್ರದಲ್ಲಿ ಮೂರೂ ಬೇರೆ. ತೆಲುಗಿನ ಪಠ್ಯಗಳೂ ಇವೇ ಸಂಸ್ಕೃತ ಪದಗಳನ್ನು ಬಳಸುತ್ತವೆಂಬುದನ್ನು ಬಲ್ಲ ಶಿಕ್ಷಕರಿಗೆ ಮಗುವಿನ ಮನೆಮಾತು ತೊಡಕಾಗದು, ನೆರವೇ ಆದೀತು. ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಮಾವಿನ ತೋಟದ ಕೊಳವೆಬಾವಿಯಲ್ಲಿ ನೀರು 300 ಮೀಟರ್ ಆಳದಲ್ಲಿದೆ ಎನ್ನೋಣ. ಸೆಕೆಂಡಿಗೆ 1 ಲೀಟರಿನಂತೆ ಅದನ್ನು ಮೇಲೆತ್ತಲು ಸುಮಾರು 2,940 ವಾಟ್, ಎಂದರೆ ಸುಮಾರು 4 ಅಶ್ವಶಕ್ತಿ ಬೇಕು. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ‘ಅಶ್ವಶಕ್ತಿ’ ಎಂಬುದು ಹೆಸರಿಗೆ ಶಕ್ತಿಯಾದರೂ ವಾಸ್ತವವಾಗಿ ಸಾಮರ್ಥ್ಯದ ಅಳತೆಯೆಂಬುದನ್ನೂ ಅಲ್ಲಿಯೇ ಬಿಡಿಸಿ ಹೇಳಬಹುದು. ತಂದೆ ದೊಡ್ಡ ಮೋಟಾರಿಗೆ ಏಕೆ ಸಾಲ ಮಾಡಬೇಕಾಯಿತೆಂಬುದು ಮಗುವಿಗೆ ಆಗ ಲೆಕ್ಕದಲ್ಲಿಯೇ ತಿಳಿಯುತ್ತದೆ.

ವಿಷಯಜ್ಞಾನ ಮತ್ತು ಬೋಧನಕಲೆಗಳನ್ನು ಹೀಗೆ ಕೂಡಿಸಲೆಂದೇ 1963ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು, ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಒಂದುಗೂಡಿಸಿದ ನಾಲ್ಕು ವರ್ಷಗಳ ಶಿಕ್ಷಣಕ್ರಮವನ್ನು ರೂಪಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ನಾಲ್ಕು ವರ್ಷಗಳ ಇಂಥ ಸಂಯುಕ್ತ ಪದವಿಯನ್ನೇ ಎತ್ತಿಹಿಡಿಯಿತು. ಆದರೆ ತರಬೇತಿ ಪಡೆದವರು ಗಡಿಯ ಊರಿಗೆ ಬಂದು ನಿಲ್ಲಬೇಕಲ್ಲ?

ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. 1920ರಲ್ಲಿ, ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರ ಮನೆಮಾತು ತೆಲುಗು. ಪ್ರೌಢಶಾಲೆಗಾಗಿ ಬೆಂಗಳೂರಿಗೆ ನಡೆದೇ ಬಂದ ಆ ಹುಡುಗ ಭೌತಶಾಸ್ತ್ರದ ಅಧ್ಯಾಪಕರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಪ್ರತಿಭೆ ಈ ನೆಲದಲ್ಲಿಯೇ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಗಡಿ ಹೋಬಳಿಗಳ ಪ್ರೌಢಶಾಲೆಗಳಲ್ಲಿಯೇ ಗಣಿತದಲ್ಲಿ ಆಸಕ್ತಿಯುಳ್ಳ ಬಾಲಕ ಬಾಲಕಿಯರನ್ನು ಗುರುತಿಸಿ, ವಿದ್ಯಾರ್ಥಿವೇತನವಿತ್ತು ಓದಿಸಿ, ಅವರ ಬೋಧನಾಭ್ಯಾಸವನ್ನು ಇಂಥ ಶಾಲೆಗಳಲ್ಲಿಯೇ ನಡೆಸುವುದು ಒಳ್ಳೆಯದು. ಹೊರಗಿನಿಂದ ಬರುವವರಿಗೆ ವಾಸಕ್ಕೊಂದು ಮನೆ, ಒಂದಿಷ್ಟು ತೆಲುಗಿನ ಪರಿಚಯ, ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಇಷ್ಟಾದರೂ ಒದಗಬೇಕು. ಹತ್ತನೆಯ ತರಗತಿಯ ಮಗುವಿಗೆ ಆ ವರ್ಷ ಮತ್ತೆ ಬರುವುದಿಲ್ಲ; ಮುಂದಿನ ನೇಮಕಾತಿಯವರೆಗೆ ಕಾದಿರೆಂದು ನಾವು ಅದಕ್ಕೆ ಹೇಳುವಂತಿಲ್ಲ.