ನೇತ್ರಾಣಿಯ ಕಡಲೂ ಬೆಂಗಳೂರು ದಂಡಿನ ಎತ್ತರವೂ

ಶಿವಾಜಿನಗರ, ಹಲಸೂರು, ಇಂದಿರಾನಗರಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ರಜೆಯ ದಿನಗಳನ್ನು ಕಡಲ ತೀರದಲ್ಲಿ ಕಳೆಯಬಯಸುವವರು ಅನೇಕರು. ಅವರಲ್ಲಿ ಕೆಲವರು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ನೀರಿನಲ್ಲಿ ಮುಳುಗಿ, ಹವಳವನ್ನೂ ಮೀನುಗಳನ್ನೂ ಕಂಡು ಬರುತ್ತಾರೆ. ಮುಳುಗುವಾಗ ಪಾಲಿಸಬೇಕಾದ ನಿಯಮಗಳನ್ನು ಬೋಧಕರು ತಿಳಿಸಿಕೊಡುವರು. ಆದರೆ ಬೆಂಗಳೂರಿನವರಿಗೆ ವಿಶೇಷವಾಗಿ ಅನ್ವಯಿಸುವ ನಿಯಮವೊಂದು ಮುಳುಗು ಮುಗಿದ ಬಳಿಕ, ಊರಿಗೆ ಹಿಂದಿರುಗುವ ದಾರಿಗೆ ಸಂಬಂಧಿಸಿದುದು. ಅದರ ಕಾರಣವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಸಮುದ್ರಮಟ್ಟದಲ್ಲಿ ನಮ್ಮ ದೇಹದ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ನೀರಿನಲ್ಲಿ 10 ಮೀಟರ್ ಇಳಿದಂತೆಲ್ಲ ಸುಮಾರು ಅಷ್ಟೇ ಒತ್ತಡ ಮತ್ತೆ ಕೂಡುತ್ತದೆ. ಮುಳುಗುವವನು ಬೆನ್ನ ಮೇಲಿನ ಸಿಲಿಂಡರಿನಿಂದ ಸೇವಿಸುವ ಗಾಳಿಯೂ ಆಯಾ ಆಳದ ಒತ್ತಡದಲ್ಲಿಯೇ ದೊರೆಯುತ್ತದೆ. 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿಕೊಟ್ಟಂತೆ, ಒತ್ತಡ ಹೆಚ್ಚಿದಷ್ಟೂ ಅನಿಲವು ದ್ರವದಲ್ಲಿ ಹೆಚ್ಚಾಗಿ ಕರಗುತ್ತದೆ. ಗಾಳಿಯ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಅದು ದೇಹದ ಉಪಯೋಗಕ್ಕೆ ಬಾರದೆ ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗಿ ಸಂಗ್ರಹವಾಗುತ್ತದೆ. ಮೇಲಕ್ಕೆ ಬಂದ ಅನಂತರ ಅದು ಉಸಿರಿನ ಮೂಲಕ ನಿಧಾನವಾಗಿ ಹೊರಬೀಳುತ್ತದೆ. ಪೂರ್ಣವಾಗಿ ಹೊರಬೀಳಲು ಅನೇಕ ಗಂಟೆಗಳು ಬೇಕು.

ಗೋಲಿ ಸೋಡಾದ ಸೀಸೆಯನ್ನು ತೆರೆದೊಡನೆ ಏನಾಗುವುದೆಂಬುದು ಎಲ್ಲರಿಗೂ ತಿಳಿದದ್ದೇ. ಒತ್ತಡ ಥಟ್ಟನೆ ಇಳಿದರೆ ಕರಗಿದ್ದ ಅನಿಲವು ಗುಳ್ಳೆಗಳಾಗುತ್ತದೆ. ದೇಹದಲ್ಲಿ ಸಾರಜನಕವೂ ಹೀಗೆಯೇ ಗುಳ್ಳೆಗಟ್ಟಿ ರೋಗವನ್ನುಂಟುಮಾಡುವುದೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ನಿರೂಪಿಸಿದನು. ಹಂತಹಂತವಾಗಿ ಮೇಲೇರುವ ಕ್ರಮವನ್ನು ಜೆ. ಎಸ್. ಹಾಲ್ಡೇನ್ ಮತ್ತು ಆತನ ಸಂಗಡಿಗರು 1908ರಲ್ಲಿ ಪ್ರಕಟಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕಡಲಿನಿಂದ ದೋಣಿಗೆ ಹತ್ತಿದಲ್ಲಿಗೆ ಬೆಂಗಳೂರಿನವನ ಏರಿಕೆ ಮುಗಿಯುವುದಿಲ್ಲ. ದಂಡು ಪ್ರದೇಶವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುವಿನ ಒತ್ತಡ ತೀರದ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಗೇರುಸೊಪ್ಪೆಯ ಘಟ್ಟವಾಗಲಿ ಸಕಲೇಶಪುರದ ಘಟ್ಟವಾಗಲಿ, ರಾತ್ರಿಯ ಬಸ್ಸು ಅಥವಾ ರೈಲಿನಲ್ಲಿ ಕೆಲವೇ ಗಂಟೆಗಳಲ್ಲಿ ಏರಿಬಿಡಬಹುದು. ತೀರದಲ್ಲಿ ಕರಗಿಯೇ ಇರುತ್ತಿದ್ದ ಸಾರಜನಕ ಘಟ್ಟದ ಮೇಲೆ ಗುಳ್ಳೆಗಟ್ಟುವ ಸಂಭವವುಂಟು. ವಿಮಾನದಲ್ಲಿ ಹೋಗುವವರಿಗೂ ಈ ಮಾತು ಸಲ್ಲುತ್ತದೆ.

2002ರಲ್ಲಿ ಅಮೆರಿಕದಲ್ಲಿ ಸೇರಿದ ತಜ್ಞರು, ಒಂದೇ ಸಾಧಾರಣ ಮುಳುಗಿನ ಬಳಿಕ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಳೆದು ವಿಮಾನವೇರಬೇಕೆಂದು ಸಲಹೆಯಿತ್ತರು. ವಿಮಾನದೊಳಗಿನ ಒತ್ತಡವು ಸುಮಾರು 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಸಮನಾಗಿರುವ ಸಂದರ್ಭಕ್ಕೆ ಈ ಸಲಹೆ ಅನ್ವಯಿಸುತ್ತದೆ. ಬೆಂಗಳೂರಿನ ಎತ್ತರ ಈ ಮಿತಿಯೊಳಗೇ ಇದೆ. ಆದುದರಿಂದ ಮಧ್ಯಾಹ್ನ 12 ಗಂಟೆಗೆ ಎರಡನೆಯ ಮುಳುಗನ್ನು ಮುಗಿಸಿದವನು ಮರುದಿನ ಬೆಳಗಿನ 6 ಗಂಟೆಯವರೆಗೆ ತೀರದಲ್ಲಿಯೇ ಉಳಿಯುವುದು ಲೇಸು. ಒಮ್ಮೆ ಮಾತ್ರ, ಸ್ವಲ್ಪ ಹೊತ್ತು, ಕಡಮೆ ಆಳಕ್ಕೆ ಇಳಿದವನಿಗೆ ಅಪಾಯ ಅಲ್ಪ; ಬಾಯಲ್ಲಿ ಕೊಳವೆಯನ್ನಿಟ್ಟು ನೀರಿನ ಮೇಲೆ ತೇಲಿದವನಿಗೆ ಈ ಭಯವಿಲ್ಲ.

ಕೀಲುನೋವು, ಜೋಮು, ತಲೆಸುತ್ತು, ಕೈಕಾಲುಗಳ ನಿಶ್ಶಕ್ತಿ ಇವು ಈ ರೋಗದ ಲಕ್ಷಣಗಳು. ರಾತ್ರಿಯೆಲ್ಲ ಪ್ರಯಾಣಮಾಡಿದವನು ಇವನ್ನು ಬಸ್ಸಿನ ಆಯಾಸವೆಂದು ಭಾವಿಸಿ ಮಲಗಿಬಿಡುವುದು ಸುಲಭ. ಹಾಗೆ ಕಾಲ ಕಳೆದಷ್ಟೂ ಹಾನಿ ಹೆಚ್ಚಬಹುದು. ಅಂಥವನು ಕೂಡಲೇ ವೈದ್ಯರನ್ನು ಕಂಡು, ತಾನು ಸಮುದ್ರದಲ್ಲಿ ಮುಳುಗಿದ್ದ ಸಂಗತಿಯನ್ನು ಮೊದಲು ಹೇಳತಕ್ಕದ್ದು. ಶುದ್ಧ ಆಮ್ಲಜನಕವೇ ಇದಕ್ಕೆ ಪ್ರಥಮ ಚಿಕಿತ್ಸೆ. ಅನಂತರ ಒತ್ತಡದ ಕೋಣೆಯಲ್ಲಿ ಚಿಕಿತ್ಸೆ ಬೇಕಾಗಬಹುದು.

ನೇತ್ರಾಣಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು, ಮುಳುಗಿನ ದಿನವನ್ನು ಪ್ರವಾಸದ ಕೊನೆಯ ದಿನವಾಗಿಸದೆ, ಒಂದು ರಾತ್ರಿಯ ವಿಶ್ರಾಂತಿಯನ್ನು ಕಾರ್ಯಕ್ರಮದಲ್ಲಿಯೇ ಸೇರಿಸುವುದು ಯುಕ್ತ.