ಒಂದೇ ಬರ, ಮೂರು ಹೊಲ

ಬರ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬಿರುಕು ಬಿಟ್ಟ ನೆಲ, ಆಕಾಶ ನೋಡುತ್ತ ಕುಳಿತ ಮುದುಕ. ಪತ್ರಿಕೆಗಳಲ್ಲಿ ವರ್ಷ ವರ್ಷವೂ ಇದೇ ಚಿತ್ರ. ಆದರೆ ಗದಗ ಜಿಲ್ಲೆಯ ರೈತರಿಗೆ ಬರ ಒಂದೇ ಥರದ್ದಲ್ಲ. ಅದು ಯಾವ ಮಣ್ಣಿನ ಮೇಲೆ ನಿಂತು ನೋಡುತ್ತೀರಿ ಎಂಬುದರ ಮೇಲಿದೆ.

ಕಪ್ಪತಗುಡ್ಡದ ಮಗ್ಗುಲಲ್ಲಿರುವುದು ಮಸಾರಿ, ಅಂದರೆ ಕೆಂಪು ಮಣ್ಣು. ಅದು ನೀರನ್ನು ಹೆಚ್ಚು ದಿನ ಹಿಡಿದಿಡದು. ಶೇಂಗಾ, ಗೋವಿನಜೋಳ ಬಿತ್ತಿದವರಿಗೆ ಜುಲೈ-ಆಗಸ್ಟಿನಲ್ಲಿ ಎರಡು-ಮೂರು ವಾರ ಮಳೆ ತಪ್ಪಿದರೆ ಸಾಕು, ಅದೇ ಬರ.

ಎರೆಭೂಮಿಯವರು ಜುಲೈ ಬಿಸಿಲಿಗೆ ಅಷ್ಟು ಹೆದರುವುದಿಲ್ಲ. ಅವರು ಕಾಯುವುದು ಹಿಂಗಾರಿಗೆ. ಕಪ್ಪು ಮಣ್ಣು ಒಮ್ಮೆ ಚೆನ್ನಾಗಿ ನೆನೆದರೆ ಬಿಳಿಜೋಳ, ಕಡಲೆ ಆ ಹಸಿಯಲ್ಲೇ ಬೆಳೆದುಬಿಡುತ್ತವೆ. ಉತ್ತರಿ, ಹಸ್ತ ಮಳೆಗಳು ಕೈಕೊಟ್ಟರೆ ಬಿತ್ತನೆಯೇ ಇಲ್ಲ. ಮನೆಯ ಹೆಂಗಸರಿಗೆ ಇಲ್ಲಿ ಇನ್ನೊಂದು ಲೆಕ್ಕವಿದೆ. ಜೋಳವಿಲ್ಲದಿದ್ದರೆ ಪಡಿತರದ ಅಕ್ಕಿಯಾದರೂ ಉಂಟು. ಕಣಿಕೆಯಿಲ್ಲದಿದ್ದರೆ ಎಮ್ಮೆಗೆ ಏನು ಹಾಕುವುದು? ಎಮ್ಮೆ ಸಂತೆಗೆ ಹೋದ ದಿನ ಹಾಲಿನ ಕಾಸೂ ಹೋಯಿತು.

ಇನ್ನು ಮುಂಡರಗಿ ತಾಲೂಕಿನ ಹಮ್ಮಿಗಿ. ತುಂಗಭದ್ರೆಯ ದಡ, ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಇಲ್ಲೇ ಇದೆ. ಅದರ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರೂ ಈ ಸುತ್ತಿನವರೇ. ಹೊಳೆಗೆ ಪಂಪ್‌ಸೆಟ್ ಇಟ್ಟವರಿಗೆ ತಮ್ಮೂರ ಮೋಡಕ್ಕಿಂತ ಮಲೆನಾಡಿನ ಮೋಡವೇ ಮುಖ್ಯ. ತುಂಗೆ, ಭದ್ರೆ ಎರಡೂ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಶಿವಮೊಗ್ಗ ಬಳಿಯ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಬರುತ್ತವೆ. ಅಲ್ಲಿ ಮಳೆ ಕಡಿಮೆಯಾದ ವರ್ಷ ಇವರ ಬರ ಬೇಸಿಗೆಯಲ್ಲಿ ಬರುತ್ತದೆ. ಇದೇ ನೀರು ಗದಗ-ಬೆಟಗೇರಿಯ ನಲ್ಲಿಗೂ ಹೋಗಬೇಕು. ಹೊಳೆ ಇಳಿದಾಗ ಕುಡಿಯುವ ನೀರಿಗೇ ಮೊದಲ ಹಕ್ಕು. ಅದನ್ನು ಯಾರೂ ತಪ್ಪೆನ್ನಲಾರರು, ಆದರೆ ಒಣಗುವುದು ಇವರ ಬೆಳೆ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆಗ ಕೇಳಿಬಂದ ಹೊಸ ಮಾತು ‘ಹಸಿರು ಬರ’. ದೂರದಿಂದ ನೋಡಿದರೆ ಹೊಲವೆಲ್ಲ ಹಸಿರು, ತೆನೆ ಮುರಿದು ನೋಡಿದರೆ ಕಾಳಿಲ್ಲ! ಕಾರಿನಲ್ಲಿ ಕುಳಿತು ನೋಡಿದವರಿಗೆ ಅದು ಕಾಣುವುದಾದರೂ ಹೇಗೆ? ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ ಎಂಬುದು ಆಗ ಪರಿಹಾರದ ನಿಯಮವಾಗಿತ್ತು. ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಕಳೆ ತೆಗೆದವಳ, ಶೇಂಗಾ ಕಿತ್ತವಳ ಹೆಸರು ಪಹಣಿಯಲ್ಲಿ ಎಷ್ಟು ಮನೆಗಳಲ್ಲಿದೆ?

ಅಂಥವಳು ಗಂಡ-ಮಕ್ಕಳೊಂದಿಗೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೊರಡುತ್ತಾಳೆ. ನಿಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮನೆಗೆ ಜಲ್ಲಿ ಹೊರುವ ಹೆಂಗಸು ಗದಗದ ಕಡೆಯವಳಾದರೆ ಒಮ್ಮೆ ಮಾತನಾಡಿಸಿ. ನಿಮ್ಮದು ಎರೆಯೋ, ಮಸಾರಿಯೋ ಎಂದು ಕೇಳಿ.